ಎರಡು ಟಿಕೆಟ್ಟಿನ ಹಣ, ಒಬ್ಬರ ಬಿಡುಗಡೆ: ಡಬ್ಲಿನ್ 1742, ಒಂದು ಪ್ರಕರಣ ಅಧ್ಯಯನ

1742ರ ಮಾರ್ಚ್ 27. ಐರ್ಲೆಂಡಿನ 'ಫಾಕ್ನರ್ಸ್ ಡಬ್ಲಿನ್ ಜರ್ನಲ್' ಪತ್ರಿಕೆಯಲ್ಲಿ ಒಂದು ಸಂಗೀತ ಕಾರ್ಯಕ್ರಮದ ಪ್ರಕಟಣೆ ಬಂತು. ಇಂಥ ಪ್ರಕಟಣೆಯಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು ಸಂಗೀತಗಾರನ ಹೆಸರು. ಇಲ್ಲಿ ಮೊದಲು ಇದ್ದದ್ದು ಕೈದಿಗಳು. ನಗರದ ಬೇರೆ ಬೇರೆ ಸೆರೆಮನೆಗಳಲ್ಲಿ ಇರುವವರ ಪರಿಹಾರಕ್ಕಾಗಿ, ಮರ್ಸರ್ಸ್ ಆಸ್ಪತ್ರೆಯ ನೆರವಿಗಾಗಿ, ಇನ್ಸ್ ಕೀ ದಂಡೆಯ ಧರ್ಮಾಸ್ಪತ್ರೆಗಾಗಿ ಎಂದು ಹೇಳಿ ಮುಗಿಸಿದ ಮೇಲೆ, ಫಿಶಾಂಬಲ್ ಬೀದಿಯ ಮ್ಯೂಸಿಕ್ ಹಾಲಿನಲ್ಲಿ ಹ್ಯಾಂಡೆಲ್ ಬರೆದ ಹೊಸ ಆರಟೋರಿಯೊ (ವೇಷ, ಅಭಿನಯವಿಲ್ಲದೆ ಹಾಡುವ ದೊಡ್ಡ ಭಕ್ತಿಕೃತಿ) 'ಮೆಸ್ಸೀಯ'ವನ್ನು ಹಾಡಲಾಗುವುದು ಎಂಬ ವಿಷಯ ಬರುತ್ತದೆ.

ನಾನು ಎಷ್ಟೋ ವರ್ಷ ಗಾಯನ ಮಂಡಳಿಯಲ್ಲಿ ನಿಂತು ಇದೇ ಕೃತಿಯ 'ಹಲ್ಲೆಲೂಯಾ' ಹಾಡಿದ್ದೇನೆ. ತಾಳ ತಪ್ಪಬಾರದು, ಶ್ರುತಿ ಇಳಿಯಬಾರದು ಎಂಬ ಚಿಂತೆಯಲ್ಲೇ ಹಾಡಿದ್ದೇನೆ. ಅದು ಮೊದಲ ಸಲ ಜನರ ಕಿವಿಗೆ ಬಿದ್ದ ದಿನ ಸೆರೆಮನೆಯ ಬಾಗಿಲುಗಳನ್ನು ತೆರೆಸುವುದಕ್ಕೆಂದೇ ಹಾಡಲ್ಪಟ್ಟಿತ್ತು ಎಂದು ತಿಳಿದದ್ದು ಬಹಳ ತಡವಾಗಿ. ತಿಳಿದ ಮೇಲೆ ಮೊದಲಿನಂತೆ ಹಾಡಲು ಆಗಲಿಲ್ಲ. ಕಲೆಯನ್ನು ಸೇವೆಯಾಗಿ ಮಾಡಬೇಕು, ಬಿದ್ದವರಿಗೆ ಇನ್ನೊಂದು ಅವಕಾಶ ಕೊಡಬೇಕು ಎಂದು ನಮ್ಮ ಸಭೆಗಳಲ್ಲಿ ಮಾತನಾಡುವಾಗಲೆಲ್ಲ ಈ ಒಂದು ದಿನವನ್ನು ಬಿಡಿಸಿ ನೋಡಬೇಕು ಅನ್ನಿಸುತ್ತದೆ.

ಸಾಲಕ್ಕೆ ಸೆರೆ

ಆ ಕಾಲದ ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಸಾಲ ತೀರಿಸದವನನ್ನು ಸಾಲಕೊಟ್ಟವನು ಹಿಡಿಸಿ ಸೆರೆಗೆ ಹಾಕಿಸಬಹುದಿತ್ತು. ಇಷ್ಟು ವರ್ಷ ಎಂಬ ಶಿಕ್ಷೆ ಅದಲ್ಲ. ಹಣ ಬರುವ ತನಕ ಅಥವಾ ಸಾಲಕೊಟ್ಟವನು ಮನಸ್ಸು ಬದಲಿಸುವ ತನಕ ಒಳಗೇ ಇರಬೇಕು. ಒಳಗೆ ಊಟಕ್ಕೂ ಹಾಸಿಗೆಗೂ ಕೈದಿಯೇ ದುಡ್ಡು ಕೊಡಬೇಕು. ಕಾವಲುಗಾರನಿಗೆ ಬೇರೆ ಶುಲ್ಕ. ಸಾಲ ತೀರಿದರೂ ಆ ಶುಲ್ಕ ಬಾಕಿ ಉಳಿದರೆ ಬಿಡುಗಡೆ ಇಲ್ಲ. ಡಬ್ಲಿನ್ನಿನ 'ಬ್ಲ್ಯಾಕ್ ಡಾಗ್' ಎಂಬ ಸೆರೆಮನೆಯಲ್ಲಿ ಕೈದಿಗಳಿಂದ ಹಣ ಕೀಳುತ್ತಿದ್ದ ರೀತಿಯ ಬಗ್ಗೆ 1729ರಲ್ಲಿ ಐರಿಷ್ ಪಾರ್ಲಿಮೆಂಟೇ ವಿಚಾರಣೆ ನಡೆಸಬೇಕಾಯಿತು. ಸಾಲ ತೀರಿಸಬೇಕಾದರೆ ದುಡಿಯಬೇಕು, ದುಡಿಯಬೇಕಾದರೆ ಹೊರಗಿರಬೇಕು, ಹೊರಗೆ ಬರಬೇಕಾದರೆ ಸಾಲ ತೀರಿಸಬೇಕು. ಈ ಗಾಣಕ್ಕೆ ಸಿಕ್ಕವನು ತಾನಾಗಿ ಹೊರಬರುವ ದಾರಿ ಇರಲಿಲ್ಲ. ಹೊರಗಿನಿಂದ ಯಾರಾದರೂ ಬಂದು ಹಣ ಕಟ್ಟಬೇಕಿತ್ತು.

ಕನ್ನಡ ಕ್ರೈಸ್ತರು 'ತಲಾಂತು' ಎಂಬ ಮಾತನ್ನು ಕಲೆ, ವರ, ಸಾಮರ್ಥ್ಯ ಎಂಬ ಅರ್ಥದಲ್ಲಿ ಬಳಸುತ್ತೇವೆ. 'ದೇವರು ಕೊಟ್ಟ ತಲಾಂತನ್ನು ಹೂತಿಡಬೇಡ' ಎಂದು ಮಕ್ಕಳಿಗೆ ಹೇಳುತ್ತೇವೆ. ಅದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ. ಆದರೆ ತಲಾಂತು ಮೂಲದಲ್ಲಿ ಹಣದ ಅಳತೆ. ಅದೇ ಮತ್ತಾಯನ 18ನೇ ಅಧ್ಯಾಯದಲ್ಲಿ ಒಬ್ಬ ಸೇವಕನಿಗೆ ತೀರಿಸಲಾಗದಷ್ಟು ಸಾಲ ಇರುತ್ತದೆ. ಗ್ರೀಕ್ ಮೂಲದಲ್ಲಿ ಆ ಸಾಲದ ಲೆಕ್ಕ ಹತ್ತು ಸಾವಿರ ತಲಾಂತು. ಅಷ್ಟನ್ನೂ ಮನ್ನಾ ಮಾಡಿಸಿಕೊಂಡು ಹೊರಬಂದವನು ತನಗೆ ನೂರು ನಾಣ್ಯ ಕೊಡಬೇಕಿದ್ದ ಜೊತೆಯವನ ಕತ್ತು ಹಿಡಿದು ಸೆರೆಮನೆಗೆ ಹಾಕಿಸುತ್ತಾನೆ. ಒಂದು ಕಡೆ ತಲಾಂತು ಬಂಡವಾಳ, ಇನ್ನೊಂದು ಕಡೆ ಅದೇ ತಲಾಂತು ಸಾಲ. ಹಾಡಬಲ್ಲವನ ತಲಾಂತನ್ನೂ ಸೆರೆಯಲ್ಲಿದ್ದವನ ಸಾಲವನ್ನೂ ಒಂದೇ ಪುಸ್ತಕದಲ್ಲಿ ಬರೆದದ್ದು ಡಬ್ಲಿನ್ನಿನ ಜನ ಮಾಡಿದ ಕೆಲಸ.

ಅದನ್ನು ಶುರುಮಾಡಿದವನು ಹ್ಯಾಂಡೆಲ್ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆತ ಬರುವುದಕ್ಕೆ ಬಹಳ ಮುಂಚೆಯೇ ಡಬ್ಲಿನ್ನಿನಲ್ಲಿ ಸಂಗೀತಪ್ರಿಯರ ಒಂದು ಧರ್ಮಸಂಘ ಇತ್ತು. ಸಾಲಕ್ಕಾಗಿ ಸೆರೆಬಿದ್ದವರ ಪರವಾಗಿ ಹಣ ಕಟ್ಟಿ ಬಿಡಿಸುವುದೇ ಅದರ ಉದ್ದೇಶ. ಫಿಶಾಂಬಲ್ ಬೀದಿಯ ಹಾಲನ್ನು ಕಟ್ಟಿಸಿದ್ದು ಆ ಸಂಘ. 1741ರ ಅಕ್ಟೋಬರಿನಲ್ಲಿ ಅದು ತೆರೆಯಿತು. ಹಾಡಲು ಜಾಗ, ಹಣ ಹಿಡಿಯಲು ಖಜಾಂಚಿ, ಸೆರೆಮನೆಯ ದಾರಿ ಬಲ್ಲ ಜನ, ಎಲ್ಲವೂ ಸಿದ್ಧವಾಗಿದ್ದವು. ದೊಡ್ಡ ಕಲಾವಿದನೊಬ್ಬ ಬಂದು ಆ ವ್ಯವಸ್ಥೆಯೊಳಗೆ ತನ್ನ ಕೃತಿಯನ್ನು ಇಟ್ಟ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಕಾರ್ಯಕ್ರಮ ನಿಶ್ಚಯವಾಗುತ್ತದೆ, ಹಣ ಯಾರಿಗೆ ಎಂಬ ಪ್ರಶ್ನೆ ಕೊನೆಯ ವಾರದಲ್ಲಿ ಬರುತ್ತದೆ.

ಬಂದವನು

ಹ್ಯಾಂಡೆಲ್ ಹುಟ್ಟಿದ್ದು 1685ರಲ್ಲಿ, ಜರ್ಮನಿಯ ಹಾಲೆ ಪಟ್ಟಣದ ಲೂಥರನ್ ಮನೆತನದಲ್ಲಿ. ಬದುಕು ಕಟ್ಟಿಕೊಂಡದ್ದು ಲಂಡನ್ನಿನಲ್ಲಿ, ಇಟಾಲಿಯನ್ ಒಪೇರಾಗಳಿಂದ. 1737ರಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಚೇತರಿಸಿಕೊಂಡ. ಆದರೆ ಒಪೇರಾಗಳ ಕಾಲ ಮುಗಿಯುತ್ತಿತ್ತು. 1741ರ ಜನವರಿಯಲ್ಲಿ ಬಂದ 'ಡೈಡಾಮಿಯಾ' ಮೂರೇ ಪ್ರದರ್ಶನಕ್ಕೆ ನಿಂತಿತು. ಆಮೇಲೆ ಆತ ಹೊಸ ಒಪೇರಾ ಬರೆಯಲೇ ಇಲ್ಲ.

ಭಕ್ತಿಕೂಟಗಳಲ್ಲಿ ಈ ಭಾಗವನ್ನು ಹಿಗ್ಗಿಸಿ, ಹ್ಯಾಂಡೆಲ್ ಬೀದಿಗೆ ಬಿದ್ದಿದ್ದ, ಹಸಿದಿದ್ದ ಎಂದೆಲ್ಲ ಹೇಳುವುದುಂಟು. ಅದು ಸರಿಯಲ್ಲ. ಪೆಟ್ಟು ತಿಂದಿದ್ದ, ನಿರ್ಗತಿಕನಾಗಿರಲಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಆಫ್ರಿಕದ ಜನರನ್ನು ಹಿಡಿದು ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ಷೇರುಗಳಲ್ಲಿ ಆತ ವ್ಯವಹರಿಸಿದ್ದು ಖಾತೆಪುಸ್ತಕಗಳಲ್ಲಿ ದಾಖಲಾಗಿದೆ. ಸೆರೆಯವರ ಬಿಡುಗಡೆಗೆ ಹಾಡಿಸಿದ ಮನುಷ್ಯನ ಕೈಗೆ ಬೇರೆ ಸೆರೆಯವರ ಕಣ್ಣೀರಿನ ಹಣವೂ ತಾಗಿತ್ತು. ಇದನ್ನು ಓದಿದ ದಿನ ನನಗೆ ನೋವಾಯಿತು, ಈಗಲೂ ಆಗುತ್ತದೆ. ಆತನನ್ನು ಸಂತನ ಪೀಠದಲ್ಲಿ ಕೂರಿಸದೆ ಈ ಪ್ರಕರಣವನ್ನು ಓದಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಸತ್ಯವೇದದ ವಚನಗಳನ್ನು ಆಯ್ದು ಜೋಡಿಸಿಕೊಟ್ಟವನು ಚಾರ್ಲ್ಸ್ ಜೆನೆನ್ಸ್. ಹ್ಯಾಂಡೆಲ್ ಅದಕ್ಕೆ ಸಂಗೀತ ಬರೆದದ್ದು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರ ತನಕ, 24 ದಿನ. ಐರ್ಲೆಂಡಿನಲ್ಲಿ ರಾಜಪ್ರತಿನಿಧಿಯಾಗಿದ್ದ ಲಾರ್ಡ್ ಲೆಫ್ಟಿನೆಂಟರ ಆಹ್ವಾನದ ಮೇಲೆ ನವೆಂಬರ್ 18ಕ್ಕೆ ಡಬ್ಲಿನ್ ತಲುಪಿದ. ಡಿಸೆಂಬರಿನಿಂದ ಚಂದಾದಾರರಿಗಾಗಿ ನಡೆಸಿದ ಕಾರ್ಯಕ್ರಮಗಳು ತುಂಬಿದ ಸಭೆಯಲ್ಲಿ ನಡೆದವು, ಆತನ ಕೈಗೂ ಹಣ ಬಂತು. ಏಪ್ರಿಲಿನಲ್ಲಿ ಪೂರ್ತಿ ಗಳಿಕೆಯನ್ನು ಬಿಟ್ಟುಕೊಡಲು ಸಾಧ್ಯವಾದದ್ದು ಅದರಿಂದ. ಕಲಾವಿದನ ಹೊಟ್ಟೆಯ ಪ್ರಶ್ನೆಯನ್ನು ಇತ್ಯರ್ಥ ಮಾಡದೆ ಆತನಿಂದ 'ಸೇವೆ' ಕೇಳುವ ಸಭೆಗಳು ಇದನ್ನು ಗಮನಿಸಬೇಕು.

ಹಾಡುವವರಿಗೆ ಅಪ್ಪಣೆ

ಇಷ್ಟು ದೊಡ್ಡ ಕೃತಿಗೆ ನುರಿತ ಕೋರಸ್ ಬೇಕು. ಅಂಥವರು ಇದ್ದದ್ದು ನಗರದ ಎರಡು ಕೆಥೆಡ್ರಲ್‌ಗಳಲ್ಲಿ, ಸಂತ ಪ್ಯಾಟ್ರಿಕರದು ಮತ್ತು ಕ್ರೈಸ್ಟ್ ಚರ್ಚ್. ಸಂತ ಪ್ಯಾಟ್ರಿಕರ ಕೆಥೆಡ್ರಲ್‌ನ ಡೀನ್, ಅಂದರೆ ಮುಖ್ಯಸ್ಥ, ಆಗಿದ್ದವರು ಲೇಖಕ ಜೊನಾಥನ್ ಸ್ವಿಫ್ಟ್. ದೇವಾಲಯದ ಗಾಯಕರು ಫಿಶಾಂಬಲ್ ಬೀದಿಯ ಪಿಟೀಲುಗಾರರ ಕೂಟಕ್ಕೆ ಹೋಗಿ ಹಾಡಬಾರದು ಎಂದು 1742ರ ಜನವರಿಯಲ್ಲಿ ಅವರು ಕಡಾಖಂಡಿತವಾಗಿ ಆದೇಶ ಬರೆದರು. ಸ್ವಿಫ್ಟರ ಆರೋಗ್ಯ ಆಗಲೇ ಕುಸಿಯುತ್ತಿತ್ತು. ಅದೇ ವರ್ಷ ಅವರು ತಮ್ಮ ವ್ಯವಹಾರ ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ಅಧಿಕೃತವಾಗಿ ತೀರ್ಮಾನವಾಯಿತು. ಆದ್ದರಿಂದ ಆ ಪತ್ರವನ್ನು ಅವರ ಮೇಲೆ ಹೊರಿಸಿ ಮಾತಾಡಲು ನನಗೆ ಮನಸ್ಸಿಲ್ಲ. ಕೊನೆಗೆ ಅಪ್ಪಣೆ ಸಿಕ್ಕಿತು, ಎರಡೂ ದೇವಾಲಯಗಳ ಗಾಯಕರು ಬಂದರು.

ಸುಸಾನ್ನಾ ಸಿಬ್ಬರ್

ಕೈದಿಗಳಿಗಾಗಿ ಹಾಡಿದವರ ನಡುವೆಯೇ ಬಿಡುಗಡೆ ಬೇಕಾಗಿದ್ದ ಒಬ್ಬಳು ನಿಂತಿದ್ದಳು. ಈ ಪ್ರಕರಣಕ್ಕೆ ನಾನು ಮತ್ತೆ ಮತ್ತೆ ಮರಳುವುದು ಆಕೆಯಿಂದಾಗಿ.

ಸುಸಾನ್ನಾ ನಟಿ, ಗಾಯಕಿ. 1734ರಲ್ಲಿ ನಟ ಥಿಯೋಫಿಲಸ್ ಸಿಬ್ಬರ್‌ನನ್ನು ಮದುವೆಯಾದಳು. ಗಂಡ ದುಂದುಗಾರ, ಹೆಂಡತಿಯ ಸಂಪಾದನೆಯ ಮೇಲೆ ಕಾನೂನು ಆತನಿಗೇ ಹಕ್ಕು ಕೊಟ್ಟಿತ್ತು. ವಿಲಿಯಂ ಸ್ಲೋಪರ್ ಎಂಬ ಹಣವಂತನೊಂದಿಗೆ ಆಕೆಗೆ ಬೆಳೆದ ಸಂಬಂಧಕ್ಕೆ ಗಂಡನೇ ಬಾಗಿಲು ತೆರೆದುಕೊಟ್ಟಿದ್ದ, ಅದರಿಂದ ಲಾಭವನ್ನೂ ಮಾಡಿಕೊಂಡಿದ್ದ. ಆಮೇಲೆ 1738ರಲ್ಲಿ ಅದೇ ಸ್ಲೋಪರ್ ಮೇಲೆ 5,000 ಪೌಂಡ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದ. ಗಂಡನ ಆಟ ಜ್ಯೂರಿಗೆ ಅರ್ಥವಾಯಿತು. ಕೊಡಿಸಿದ್ದು 10 ಪೌಂಡ್. ಸುಮ್ಮನಾಗದೆ ಮರುವರ್ಷ ಮತ್ತೆ ಹೂಡಿದ, 500 ಪೌಂಡ್ ಗಿಟ್ಟಿಸಿದ. ಪಕ್ಕದ ಕಿರುಕೋಣೆಯಲ್ಲಿ ಅಡಗಿ ಕುಳಿತು ನೋಡಿದವನ ಸಾಕ್ಷ್ಯವೂ ಸೇರಿ ಕೋರ್ಟಿನ ವಿವರವೆಲ್ಲ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಯಿತು. ಇಬ್ಬರು ಗಂಡಸರ ನಡುವಿನ ಹಣದ ವ್ಯಾಜ್ಯದಲ್ಲಿ ಮಾನ ಹೋದದ್ದು ಹೆಂಗಸಿನದು. ಆಕೆ ರಂಗದಿಂದ ಮರೆಯಾದಳು.

1741ರ ಕೊನೆಗೆ ಡಬ್ಲಿನ್ನಿನ ಆಂಜಿಯರ್ ಬೀದಿಯ ರಂಗಮಂದಿರದಲ್ಲಿ ಆಕೆ ಮತ್ತೆ ನಟಿಸತೊಡಗಿದಳು. ಹ್ಯಾಂಡೆಲ್ ಆಗಲೇ ಆ ನಗರದಲ್ಲಿದ್ದ. ಆಕೆಯ ಕಂಠ ದೊಡ್ಡದಲ್ಲ, ಶಾಸ್ತ್ರಜ್ಞಾನವೂ ಹೆಚ್ಚಿರಲಿಲ್ಲ. ಸಂಗೀತದ ಇತಿಹಾಸ ಬರೆದ ಚಾರ್ಲ್ಸ್ ಬರ್ನಿ ಆ ಕಂಠವನ್ನು ಬರೀ ಎಳೆ ಎಂದಿದ್ದಾನೆ. ಆದರೆ ಮಾತಿನ ಅರ್ಥವನ್ನು ತುಂಬಿ ಹಾಡುವುದರಿಂದ, ಬೇರೆಯವರ ದೊಡ್ಡ ಕಂಠ ಕಿವಿಯನ್ನಷ್ಟೇ ಮುಟ್ಟುವಲ್ಲಿ ಆಕೆಯದು ಎದೆಯನ್ನು ತಲುಪುತ್ತಿತ್ತು ಎಂದೂ ಅವನೇ ಬರೆದಿದ್ದಾನೆ. ಕೃತಿಯ ಅತ್ಯಂತ ನೋವಿನ ಹಾಡನ್ನು ಹ್ಯಾಂಡೆಲ್ ಆಕೆಗೆ ಕೊಟ್ಟ. ಯೆಶಾಯ 53ರ ವಚನ: ಧಿಕ್ಕಾರಕ್ಕೆ ಗುರಿಯಾದವನು, ಜನ ದೂರವಿಟ್ಟವನು, ಸಂಕಟವನ್ನು ಬಲ್ಲವನು. ಹಾಡಿನ ನಡುಭಾಗದಲ್ಲಿ ಯೆಶಾಯ 50 ಬರುತ್ತದೆ: ಹೊಡೆಯುವವರಿಗೆ ಬೆನ್ನು ಕೊಟ್ಟನು, ಅವಮಾನಕ್ಕೂ ಉಗುಳಿಗೂ ಮುಖ ಮರೆಮಾಡಲಿಲ್ಲ.

ಮುಖ ಮರೆಸಿಕೊಂಡು ವರ್ಷಗಳನ್ನು ಕಳೆದವಳು ಎದ್ದು ನಿಂತು ಆ ಸಾಲನ್ನು ಹಾಡಿದಳು. ಅವಮಾನ ಏನೆಂದು ಆಕೆಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ.

ಸಭೆಯಲ್ಲಿದ್ದ ಪಾದ್ರಿ ಪ್ಯಾಟ್ರಿಕ್ ಡೆಲಾನಿ, ಸಂತ ಪ್ಯಾಟ್ರಿಕರ ಕೆಥೆಡ್ರಲ್‌ನ ಚಾನ್ಸಲರ್, ಆ ಹಾಡು ಕೇಳಿ ಎದ್ದು, 'ತಾಯೇ, ಇದಕ್ಕಾಗಿ ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಡಲಿ' ಎಂಬರ್ಥದ ಮಾತು ಕೂಗಿದರು ಎಂದು ಹೇಳಿಕೊಂಡು ಬರಲಾಗಿದೆ. ಈ ಕಥೆಯನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಇದರಲ್ಲಿ ಒಂದು ತಕರಾರಿದೆ. 'ಇದಕ್ಕಾಗಿ' ಎಂದರೆ? ಚೆನ್ನಾಗಿ ಹಾಡಿದ್ದಕ್ಕೆ ಕ್ಷಮೆ ಎಂದಾದರೆ, ಹಾಡಲು ಬಾರದವಳ ಗತಿಯೇನು? ಅಂದು ಆಕೆಯ ಶ್ರುತಿ ತಪ್ಪಿದ್ದರೆ?

ಡೆಲಾನಿಯವರ ಮಾತು ಲೂಕ 7ರ ಪ್ರತಿಧ್ವನಿ. ಫರಿಸಾಯನಾದ ಸೀಮೋನನ ಮನೆಯಲ್ಲಿ ಊರೆಲ್ಲ ಪಾಪಿಷ್ಠಳೆಂದು ಕರೆದ ಹೆಂಗಸು ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆಯುತ್ತಾಳೆ. ಆಗ ಯೇಸು ಸ್ವಾಮಿ ಸೀಮೋನನಿಗೆ ಹೇಳುವ ಸಾಮ್ಯ ಯಾವುದು? ಇಬ್ಬರು ಸಾಲಗಾರರದು. ಒಬ್ಬನಿಗೆ ಐನೂರು ನಾಣ್ಯದ ಸಾಲ, ಇನ್ನೊಬ್ಬನಿಗೆ ಐವತ್ತು, ತೀರಿಸಲು ಇಬ್ಬರಿಗೂ ಗತಿಯಿಲ್ಲ, ಸಾಲಕೊಟ್ಟವನು ಇಬ್ಬರಿಗೂ ಬಿಟ್ಟುಬಿಡುತ್ತಾನೆ. ಅಲ್ಲಿ ಬಿಡುಗಡೆ ಮೊದಲು, ಪ್ರೀತಿ ಅದರ ಫಲ. ಫಿಶಾಂಬಲ್ ಬೀದಿಯಲ್ಲೂ ಕ್ರಮ ಅದೇ ಇತ್ತು ಎಂದು ನಾನು ಓದುತ್ತೇನೆ. ಹ್ಯಾಂಡೆಲ್ ಆಕೆಯ ಕೈಗೆ ಆ ಹಾಡನ್ನು ಇಟ್ಟ ದಿನವೇ ಆಕೆಗೆ ಎರಡನೇ ಅವಕಾಶ ಸಿಕ್ಕಿತು. ಹಾಡು ಆಮೇಲೆ ಬಂತು.

ಆಕೆಯ ಮುಂದಿನ ಬದುಕು ಸಾಕ್ಷಿ ಹೇಳುವ ಕೂಟಗಳಿಗೆ ಒಪ್ಪುವ ಕಥೆಯಲ್ಲ. ಆಕೆ ಸ್ಲೋಪರ್‌ನನ್ನು ಬಿಡಲಿಲ್ಲ, ಕೊನೆಯವರೆಗೂ ಆತನೊಂದಿಗೇ ಬಾಳಿದಳು. ಆದರೆ ರಂಗಕ್ಕೆ ಮರಳಿದಳು, ಹೆಸರಾಂತ ನಟ ಡೇವಿಡ್ ಗ್ಯಾರಿಕ್‌ನ ಜೊತೆ ನಟಿಸಿ ತನ್ನ ಕಾಲದ ದೊಡ್ಡ ದುರಂತ ನಟಿ ಎನಿಸಿಕೊಂಡಳು. 1766ರಲ್ಲಿ ತೀರಿಕೊಂಡಾಗ ಆಕೆಯನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣುಮಾಡಿದರು. ತಿರುಗಿಕೊಂಡ ಬದುಕು ನಮ್ಮ ಅಳತೆಗೆ ಸರಿಹೋದರಷ್ಟೇ ಅವಕಾಶ ಕೊಟ್ಟದ್ದು ಸಾರ್ಥಕ ಎಂದುಕೊಂಡರೆ ಆಕೆಯಂಥವರಿಗೆ ನಮ್ಮ ವೇದಿಕೆಯಲ್ಲಿ ಜಾಗ ಇರುವುದಿಲ್ಲ.

ಏಪ್ರಿಲ್ 13ರ ಲೆಕ್ಕ

ಏಪ್ರಿಲ್ 9ರಂದು ಜನರ ಎದುರೇ ತಾಲೀಮು ನಡೆಯಿತು. 12ಕ್ಕೆ ಗೊತ್ತಾಗಿದ್ದ ಪ್ರದರ್ಶನ ಒಂದು ದಿನ ಮುಂದಕ್ಕೆ ಹೋಗಿ 13ಕ್ಕೆ, ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಮಂಗಳವಾರ ಮಧ್ಯಾಹ್ನ ನಡೆಯಿತು. ಟಿಕೆಟ್ ಅರ್ಧ ಗಿನಿ. ಹೆಂಗಸರು ಲಂಗವನ್ನು ಅಗಲವಾಗಿ ಹರಡಿಸುವ ಬಳೆಯ ಚೌಕಟ್ಟು ಹಾಕಿಕೊಂಡು ಬರಬೇಡಿ, ಗಂಡಸರು ಕತ್ತಿ ಕಟ್ಟಿಕೊಂಡು ಬರಬೇಡಿ ಎಂದು ಮೊದಲೇ ವಿನಂತಿಸಲಾಗಿತ್ತು, ಹೆಚ್ಚು ಜನ ಹಿಡಿಯಲಿ, ಧರ್ಮದ ಪೆಟ್ಟಿಗೆಗೆ ಹೆಚ್ಚು ಬೀಳಲಿ ಎಂದು. ಈ ಸಣ್ಣ ಸಂಗತಿ ನನ್ನ ಮನಸ್ಸನ್ನು ಹಿಡಿದಿದೆ. ಒಬ್ಬರ ಅಗಲದ ಲಂಗ ಕಡಿಮೆಯಾದರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ, ಆ ಕುರ್ಚಿಯ ಹಣ ಸೆರೆಮನೆಗೆ.

700ಕ್ಕೂ ಹೆಚ್ಚು ಜನ ಬಂದರು. ಸುಮಾರು 400 ಪೌಂಡ್ ಸೇರಿತು. ಮೂರು ಧರ್ಮಕಾರ್ಯಗಳಿಗೂ ಸಮನಾಗಿ ತಲಾ 127 ಪೌಂಡ್ ಹೋಯಿತು. ಹ್ಯಾಂಡೆಲ್, ಪಿಟೀಲಿನ ಡುಬರ್ಗ್, ಗಾಯಕಿ ಅವೋಲಿಯೊ, ಸುಸಾನ್ನಾ, ಕೆಥೆಡ್ರಲ್‌ಗಳ ಗಾಯಕರು, ಯಾರೂ ಸಂಭಾವನೆ ತೆಗೆದುಕೊಳ್ಳಲಿಲ್ಲ ಎಂದು ಪತ್ರಿಕೆ ಬರೆಯಿತು. ಮೊತ್ತವೆಷ್ಟು, ಯಾರಿಗೆ ಎಷ್ಟು ಎಂಬುದನ್ನೂ ಅದೇ ವರದಿಯಲ್ಲಿ ಅಚ್ಚುಮಾಡಿತು. ದಾನದ ಲೆಕ್ಕ ಕೊಡುವುದು ಅಪನಂಬಿಕೆಯ ಗುರುತು ಎಂದು ಭಾವಿಸುವವರಿದ್ದಾರೆ. ನನ್ನ ಮಟ್ಟಿಗೆ ಆ ಎರಡು ಸಾಲು ಕೂಡ ಅಂದಿನ ಆರಾಧನೆಯ ಭಾಗ.

ಕೈದಿಗಳ ಪಾಲಿನ ಹಣದಿಂದ 142 ಜನ ಹೊರಬಂದರು.

ಇಲ್ಲಿ ಸ್ವಲ್ಪ ಭಾಗಾಕಾರ ಮಾಡಬೇಕು. ಒಂದು ಪೌಂಡಿಗೆ 20 ಷಿಲ್ಲಿಂಗ್, ಹಾಗಾಗಿ 127 ಪೌಂಡ್ ಎಂದರೆ 2,540 ಷಿಲ್ಲಿಂಗ್. 142 ಜನರಿಗೆ ಹಂಚಿದರೆ ಸರಾಸರಿ ತಲೆಗೆ 18 ಷಿಲ್ಲಿಂಗೂ ಆಗುವುದಿಲ್ಲ. ಅರ್ಧ ಗಿನಿಯ ಟಿಕೆಟ್ ಎಂದರೆ ಹತ್ತೂವರೆ ಷಿಲ್ಲಿಂಗ್. ಎರಡು ಟಿಕೆಟ್ಟಿಗೂ ಕಡಿಮೆ ಹಣಕ್ಕೆ ಒಬ್ಬ ಮನುಷ್ಯ ಕಂಬಿಯ ಹಿಂದೆ ಕುಳಿತಿದ್ದ. ಗಂಡಹೆಂಡತಿ ಜೋಡಿಯಾಗಿ ಬಂದು ಒಂದು ಮಧ್ಯಾಹ್ನ ಸಂಗೀತ ಕೇಳಿ ಹೋಗುವ ಮೊತ್ತ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ಪೆನ್ಸಿಲ್ ಕೆಳಗಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಆ 142 ಜನರ ಹೆಸರು ಪತ್ರಿಕೆಯ ವರದಿಯಲ್ಲಿಲ್ಲ. ಅವರಿಗೆ ತೋರಿಸಲು ಯಾವ ತಲಾಂತೂ ಬೇಕಾಗಲಿಲ್ಲ. ಸುಸಾನ್ನಾಳ ಬಿಡುಗಡೆ ಆಕೆಯ ಕಲೆಯ ಮೂಲಕ ಬಂತು, ಇವರದು ಇನ್ನೊಬ್ಬರ ಕಲೆಯ ಮೂಲಕ. ಸೇವೆ ಎಂಬ ಮಾತಿಗೆ ಹೆಚ್ಚು ಹತ್ತಿರವಿರುವುದು ಈ ಎರಡನೆಯದು ಎಂದು ನನ್ನ ನಂಬಿಕೆ. ಪ್ರತಿಭೆ ಇರುವ ಕೈದಿಯನ್ನು ಹುಡುಕಿ ಬೆಳಕಿಗೆ ತರುವುದು ಒಳ್ಳೆಯದೇ, ಜನರೂ ಚಪ್ಪಾಳೆ ತಟ್ಟುತ್ತಾರೆ. ಪ್ರತಿಭೆ ಇಲ್ಲದವನ ಪರವಾಗಿ ಪ್ರತಿಭೆ ಇರುವವನು ಹಣ ಕಟ್ಟುವುದು ಯಾರಿಗೂ ಕಾಣುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಸಾಲಕ್ಕೆ ಸೆರೆ ಎಂಬ ಕಾನೂನನ್ನು ಆ ಮಧ್ಯಾಹ್ನ ಅಲುಗಿಸಲಿಲ್ಲ. ಇವರು ಹೊರಬಂದ ಬಾಗಿಲಲ್ಲೇ ಬೇರೆಯವರು ಒಳಹೋದರು. ಐರ್ಲೆಂಡಿನಲ್ಲಿ ಆ ಪದ್ಧತಿಯನ್ನು ಬಹುಮಟ್ಟಿಗೆ ರದ್ದುಮಾಡುವ ಕಾಯ್ದೆ ಬಂದದ್ದು 1872ರಲ್ಲಿ, 130 ವರ್ಷಗಳ ಬಳಿಕ. ಹಾಗೆಂದು ಅಂದು ಹೊರಬಂದವನಿಗೆ ಅದು ಸಣ್ಣದಾಗಿರಲಾರದು.

ಲಂಡನ್ನಿನ ಪ್ರಶ್ನೆ

1743ರ ಮಾರ್ಚ್ 23ರಂದು ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಕೃತಿ ಲಂಡನ್ನಿಗೆ ಬಂತು. ಕೆಲವೇ ದಿನ ಮೊದಲು ಪತ್ರಿಕೆಯೊಂದರಲ್ಲಿ ಓದುಗನೊಬ್ಬ ಕೇಳಿದ್ದ: ಇದು ದೈವಭಕ್ತಿಯ ಕಾರ್ಯವಾದರೆ ನಾಟಕಶಾಲೆ ಅದಕ್ಕೆ ತಕ್ಕ ದೇವಾಲಯವೇ, ನಟನಟಿಯರು ದೇವರ ವಾಕ್ಯದ ಸೇವಕರಾಗಲು ಯೋಗ್ಯರೇ? ಅಂದು ಹಾಡಿದವರಲ್ಲಿ ಸುಸಾನ್ನಾಳೂ ಇದ್ದಳು. ಪ್ರಶ್ನೆ ಕೇಳಿದವನ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದು, ಇಂಥವಳು ಯೇಸುವನ್ನು ಮುಟ್ಟಬಹುದೇ ಎಂದುಕೊಂಡ ಸೀಮೋನನ ಪ್ರಶ್ನೆ. ಲಂಡನ್ ಆ ಸಲ ಕೃತಿಯನ್ನು ತಣ್ಣಗೆ ಬರಮಾಡಿಕೊಂಡಿತು.

ಅಲ್ಲಿ ಜನರ ಮನಸ್ಸು ತಿರುಗಿದ್ದು ಮತ್ತೆ ಧರ್ಮಕಾರ್ಯದ ಮೂಲಕ. ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ನೋಡಲಾರದೆ ನಾವಿಕ ಥಾಮಸ್ ಕೋರಮ್ ವರ್ಷಗಟ್ಟಲೆ ಓಡಾಡಿ 1739ರಲ್ಲಿ ರಾಜಸನ್ನದು ಪಡೆದು ಕಟ್ಟಿದ ಫೌಂಡ್ಲಿಂಗ್ ಹಾಸ್ಪಿಟಲ್ ಅಲ್ಲಿತ್ತು. ಅದರ ಪ್ರಾರ್ಥನಾಲಯಕ್ಕೆ ಹ್ಯಾಂಡೆಲ್ ಆರ್ಗನ್ ಕೊಡಿಸಿದ, 1750ರ ಮೇ 1ರಂದು ಅಲ್ಲಿ 'ಮೆಸ್ಸೀಯ' ಹಾಡಿಸಿದ. ಜಾಗ ಸಾಲದೆ ಹಿಂತಿರುಗಿದವರಿಗಾಗಿ ಅದೇ ತಿಂಗಳು 15ರಂದು ಮತ್ತೊಮ್ಮೆ ಹಾಡಿಸಿದ. ಅಂದಿನಿಂದ ಅದು ವರ್ಷವರ್ಷದ ಪದ್ಧತಿಯಾಯಿತು, ಆ ಪ್ರದರ್ಶನಗಳಿಂದ ಮಕ್ಕಳಿಗೆ ಸಾವಿರಾರು ಪೌಂಡ್ ಸೇರಿತು. ಕಣ್ಣು ಹೋದ ಮೇಲೂ ಆತ ಬರುವುದನ್ನು ಬಿಡಲಿಲ್ಲ.

ಮರಣಪತ್ರಕ್ಕೆ ಆತ 1757ರಲ್ಲಿ ಒಂದು ಷರಾ ಸೇರಿಸಿದ. ಕೃತಿಯ ಪೂರ್ತಿ ಸ್ವರಪ್ರತಿ, ಜೊತೆಗೆ ಒಬ್ಬೊಬ್ಬ ಗಾಯಕನಿಗೂ ವಾದಕನಿಗೂ ಬೇಕಾದ ಬಿಡಿ ಹಾಳೆಗಳು, ಎಲ್ಲವೂ ಆ ಮಕ್ಕಳ ಮನೆಗೆ. 1759ರ ಏಪ್ರಿಲ್ 14ರಂದು ಹ್ಯಾಂಡೆಲ್ ತೀರಿಕೊಂಡ. ಆ ವರ್ಷದ ಪ್ರದರ್ಶನ ಮೇ 3ಕ್ಕೆ ನಡೆಯಿತು. ಆತನಿಲ್ಲದೆಯೂ 1777ರ ತನಕ ಆ ಮಕ್ಕಳಿಗಾಗಿ ಅದನ್ನು ಹಾಡುತ್ತಲೇ ಇದ್ದರು.